ತಿಗ್ರೆ ಗುಡ್ಡದ ಗೂಳಿಹಕ್ಕಿ

ಭಾನುವಾರದ ಊರಸಭೆ ಸೇರುವುದರೊಳಗೆ ತಿಗ್ರೆ ಗುಡ್ಡದಿಂದ ಒಂದೇ ಒಂದು ಚಪಿಲ್ ತಾಳೆಯ ಬೀಜ ತರಬೇಕು. ಆ ಬೀಜದ ನಾರಿನಲ್ಲಿ ಕೆಂಪು ದಾರ ಇರಬೇಕು. ಗುರುವಾರ ನಸುಕಿನಲ್ಲಿ ನಮ್ಮೂರು ಆಗುವಾ ಕ್ಲಾರಾದಿಂದ ಹೊರಟ ಮೂವರಿಗೆ ಇದ್ದ ಕೆಲಸ ಇಷ್ಟೇ. ಹೇಳಿದಷ್ಟು ಸುಲಭವಾಗಿದ್ದರೆ ನಾನು ಈ ಕತೆ ಹೇಳುತ್ತಲೇ ಇರಲಿಲ್ಲ.

ನಮ್ಮೂರಿನ ಹಿಂದೆ ದೊಡ್ಡ ಕಾಡಿದೆ. ಅದರಾಚೆ ದನ ಮೇಯುವ ಬಯಲು, ಬಯಲಿನಾಚೆ ತಿಗ್ರೆ ಗುಡ್ಡ. ಅಜ್ಜಂದಿರ ಕಾಲದಲ್ಲಿ ಇದೆಲ್ಲ ಒಂದೇ ಕಾಡು. ಅವರು ಕಡಿದರು, ಸುಟ್ಟರು, ಹುಲ್ಲು ಬೆಳೆಸಿದರು. ನಡುವಿನ ಕೊರಕಲನ್ನು ಮಾತ್ರ ಬಿಟ್ಟರು, ಕಾಡಿನ ಮೇಲಿನ ಪ್ರೀತಿಯಿಂದಲ್ಲ, ಅಲ್ಲಿ ದನ ಜಾರಿ ಬೀಳುತ್ತಿದ್ದವು ಅಂತ. ಆ ಕೊರಕಲಿನ ಗುಂಟ, ಒಂದು ಕಲ್ಲೆಸೆತದಷ್ಟು ಅಗಲಕ್ಕೆ, ಮರಗಳ ಪಟ್ಟಿಯೊಂದು ಉಳಿದುಕೊಂಡಿದೆ. ಈ ವರ್ಷ ಮರದ ವ್ಯಾಪಾರಿಯೊಬ್ಬ ಅದನ್ನು ಕೇಳಿಕೊಂಡು ಬಂದ. ಊರಿನ ಅರ್ಧ ಜನ ಕೊಟ್ಟುಬಿಡೋಣ ಎಂದರು.

ಆ ಮೂವರಲ್ಲಿ ಮೊದಲನೆಯವಳು, ಡೋಲಿಡಾ, ಬೇಡ ಎಂದಳು. ತಿಗ್ರೆ ಗುಡ್ಡದಲ್ಲಿ ಹಣ್ಣು ಬಿಡುವ ಚಪಿಲ್ ತಾಳೆ ಒಂದೂ ಉಳಿದಿಲ್ಲ, ಆದರೂ ಅಲ್ಲಿ ಮರಿಗಿಡ ಏಳುತ್ತಿವೆ. ದೊಡ್ಡ ಕಾಡಿನ ಹಣ್ಣನ್ನು ಗೂಳಿಹಕ್ಕಿ ನುಂಗಿ, ಕೊರಕಲಿನ ಮರದಿಂದ ಮರಕ್ಕೆ ಹಾರಿ, ಗುಡ್ಡದಲ್ಲಿ ಬೀಜ ಕಕ್ಕುತ್ತಿದೆ. ಪಟ್ಟಿ ಹೋದರೆ ಹಕ್ಕಿ ಬಯಲು ದಾಟುವುದಿಲ್ಲ. ತಾಯಿಮರದ ಬುಡದಲ್ಲೇ ಬಿದ್ದ ಬೀಜ ಇಲಿ ಹುಳುಗಳ ಪಾಲು. ಹೀಗೆಂದು ಅವಳು ಸಭೆಯಲ್ಲಿ ವಿವರಿಸಿದಳು. ಪಟ್ಟಿ ಮಾರಬೇಕೆನ್ನುವವರ ಮುಂದಾಳು ಸೆಕುಂದಿನೊ ಒಂದೇ ಮಾತು ಕೇಳಿದ: "ಹಕ್ಕಿ ಹೊತ್ಕೊಂಡು ಹೋಗಿದ್ದನ್ನ ಕಣ್ಣಾರೆ ನೋಡಿದೀಯೇನಮ್ಮ?" ಅದನ್ನು ತೋರಿಸಿಕೊಡಲು ಸಭೆ ಮೂರು ತಿಂಗಳ ಗಡುವು ಕೊಟ್ಟಿತು. ಮಾರನೆಯ ದಿನವೇ ಡೋಲಿಡಾ ಸೂಜಿ ಮತ್ತು ಕೆಂಪು ನೈಲಾನ್ ದಾರ ಹಿಡಿದು, ಕೊರಕಲಿನ ತಲೆಯಲ್ಲಿರುವ ಚಪಿಲ್ ಮರ ಹತ್ತಿ, ಬಣ್ಣ ತಿರುಗುತ್ತಿದ್ದ ಗೊನೆಯ ಇನ್ನೂರು ಹಣ್ಣುಗಳ ನಾರಿಗೆ ಒಂದೊಂದು ಹೊಲಿಗೆ ಹಾಕಿ ಇಳಿದಳು.

ಈಗ ಎರಡನೆಯವನು, ಉಲ್ಪಿಯಾನೊನ ವಿಷಯ. ಹನ್ನೊಂದು ವರ್ಷ ನಮ್ಮ ಕಾಡಿಗೆ ಅವನೇ ಕಿವಿ. ರಾಜಧಾನಿ ಕೀಟೊದಿಂದ ಹಕ್ಕಿ ನೋಡುವವರು ಬಂದರೆ ಮೊದಲು ಕೇಳುತ್ತಿದ್ದುದು "ಉಲ್ಪಿಯಾನೊ ಎಲ್ಲಿ" ಎಂದೇ. ಮರಕ್ಕೆ ಕೈ ಊರಿ ಕಣ್ಣು ಮುಚ್ಚಿದನೆಂದರೆ ಯಾವ ಗೂಳಿಹಕ್ಕಿ ಎಷ್ಟು ದೂರದಲ್ಲಿ ಕೂತಿದೆ ಎಂದು ಹೇಳುತ್ತಿದ್ದ. ಹಕ್ಕಿಯೇನೂ ಸಣ್ಣದಲ್ಲ: ಕಾಗೆಗಿಂತ ದಪ್ಪ, ಕಡುಕಪ್ಪು, ತಲೆಯ ಮೇಲೆ ಕೊಡೆಯಂಥ ಜುಟ್ಟು, ಗಂಡಿನ ಎದೆಯಿಂದ ಗೇಣುದ್ದಕ್ಕೂ ಮಿಕ್ಕಿ ಇಳಿಬಿದ್ದ ಗರಿಯ ಜೋಲು. ಗಂಡುಗಳೆಲ್ಲ ಒಂದು ಕಣದಲ್ಲಿ ಸೇರಿ, ನನ್ನದು ದೊಡ್ಡದು, ನಿನ್ನದಕ್ಕಿಂತ ದೊಡ್ಡದು ಎಂದು ಜೋಲು ಬೀಸುತ್ತ ಗೂಳಿಯಂತೆ ಗುಟುರು ಹಾಕುತ್ತವೆ. ಹೊಟ್ಟೆಕಿಚ್ಚಿನ ಹಕ್ಕಿ. ಅದನ್ನು ಹನ್ನೊಂದು ವರ್ಷ ಕೇಳಿದವನಿಗೆ ಸ್ವಲ್ಪ ಅಂಟದೆ ಇರುತ್ತದೆಯೇ?

ಮೂರು ವರ್ಷದ ಹಿಂದೆ ಡೋಲಿಡಾ ಗೂಳಿಹಕ್ಕಿಯ ಜಾಡು ಹಿಡಿಯುವ ತಂಡಕ್ಕೆ ಊಟದ ಬುತ್ತಿ ಹೊರಲು ಬಂದವಳು. ಮರುವರ್ಷ ಅವಳ ಕೈಗೆ ಆಂಟೆನಾ ಬಂತು. ಹಕ್ಕಿಯ ಬೆನ್ನಿಗೆ ಕಟ್ಟಿದ ಪುಟ್ಟ ಯಂತ್ರ ಎಲ್ಲಿದೆ ಎಂದು ಅದು ಟಿಕ್ ಟಿಕ್ ಎಂದು ತೋರಿಸುತ್ತದೆ. ಈ ಮಾರ್ಚಿನಲ್ಲಿ ತಂಡ ನಡೆಸುವ ಹಕ್ಕಿವಿಜ್ಞಾನಿ, ಕೀಟೊದ ಡಾಕ್ಟರಮ್ಮ ಬಂದು, ಡೋಲಿಡಾ ಬರೆದಿಡುತ್ತಾಳೆ, ಉಲ್ಪಿಯಾನೊಗೆ ಬರೆಯಲು ಬಾರದು, ಆದ್ದರಿಂದ ತಂಡಕ್ಕೆ ಅವಳೇ ಮುಖ್ಯಸ್ಥೆ ಎಂದುಬಿಟ್ಟರು. ಜೊತೆಗೆ ಹೊಸ ಹಳದಿ ಬೂಟು. ಆ ಬೂಟು ದಿನಾ ತನ್ನ ಮುಂದೆ ನಡೆಯುವುದನ್ನು ನೋಡಿ ಉಲ್ಪಿಯಾನೊಗೆ ಅನ್ನ ಇಳಿಯದಾಯಿತು. "ನಂಗೆ ವಯಸ್ಸಾಯ್ತಾ?" ಎಂದು ಹೆಂಡತಿ ಔರಿಯಾಳನ್ನು ಕೇಳಿದ. ಅವಳು "ಹೊಟ್ಟೆಗೆ ವಯಸ್ಸಾಗಿಲ್ಲ, ಚೆನ್ನಾಗೇ ಉರೀತಾ ಇದೆ" ಎಂದಳು.

ಬೈದು ಹಗುರಾಗೋಣವೆಂದರೆ ಅದಕ್ಕೂ ದಾರಿಯಿಲ್ಲ. ಡೋಲಿಡಾಳ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು ಉಲ್ಪಿಯಾನೊ. ಅಂದಿನಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಈ ನಂಟು ಬಂದ ಮೇಲೆ ಏಕವಚನ ಇಲ್ಲ, ದೂರುವಂತಿಲ್ಲ, ಜಗಳ ಮಾಡುವಂತಿಲ್ಲ. ಮಾಡಿದರೆ ಸತ್ತ ಮೇಲೆ ಇಬ್ಬರೂ ಎರಡು ಕೊಳ್ಳಿಗಳಾಗಿ ನದಿಯ ಮೇಲೆ ಹೊಡೆದಾಡಿಕೊಂಡು ಅಲೆಯುತ್ತಾರೆ ಎಂದು ನಮ್ಮ ಅಜ್ಜಿಯರು ಹೆದರಿಸುತ್ತಿದ್ದರು. ಹಾಗಾಗಿ ಉಲ್ಪಿಯಾನೊ ನಗುನಗುತ್ತಲೇ ಕುದಿಯುತ್ತಿದ್ದ.

ಹೊರಡುವುದಕ್ಕೆ ಮುಂಚಿನ ಶನಿವಾರ ಕುದಿ ಉಕ್ಕಿತು. ನಮ್ಮಲ್ಲಿ ಚಪಿಲ್ ಮರದ ಮೇಲೆ ಯಾರ ಮಚ್ಚಿನ ಗುರುತಿದೆಯೋ ಗೊನೆ ಅವರದ್ದು. ಡೋಲಿಡಾ ದಾರ ಹೊಲಿದ ಮರದ ಮೇಲೆ ಉಲ್ಪಿಯಾನೊನ ಅಪ್ಪ ಹಾಕಿದ ಮೂರು ಗೀರುಗಳಿದ್ದವು. ಹಕ್ಕು ಅವನದ್ದೇ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮರ ಹತ್ತಿ ಗೊನೆ ಕಡಿದು ಮನೆಗೆ ತಂದ. ಔರಿಯಾ ಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ, ಕುಟ್ಟಿ, ಹಾಲು ತೆಗೆಯುವಾಗ ಒರಳಿನ ತುಂಬ ಕೆಂಪು ದಾರ. ಅವಳು ಗಂಡನ ಮುಖ ನೋಡಿದಳು, ಒಂದೊಂದೇ ದಾರ ಆರಿಸಿ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಳು. ನೂರ ಎಪ್ಪತ್ತೊಂದು. ಅಂದರೆ ಹಕ್ಕಿಗಳ ಹೊಟ್ಟೆಗೆ ಹೋದದ್ದು ಇಪ್ಪತ್ತೊಂಬತ್ತೇ. ಅಂದು ಇಬ್ಬರೂ ಚಪಿಲ್ ಹಾಲು ಕುಡಿದರು.

ಸೋಮವಾರ ಡೋಲಿಡಾ ಬೋಳು ಮರವನ್ನೂ ಮೂರು ಗೀರುಗಳನ್ನೂ ನೋಡಿಕೊಂಡು ಬಂದಳು. ಏನೂ ಕೇಳಲಿಲ್ಲ. "ಕೊಂಪಾದ್ರೆ, ಗುರುವಾರ ತಿಗ್ರೆಗೆ ಹೋಗೋಣ, ಹಕ್ಕಿ ಕಕ್ಕಿದ ಬೀಜ ಹುಡುಕೋಣ, ನೀವಿಲ್ದೆ ಆಗಲ್ಲ" ಎಂದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಒಳ್ಳೆಯವಳೂ ಆಗಿಬಿಟ್ಟಳಲ್ಲ ಎಂದು ಅವನ ಹೊಟ್ಟೆ ಇನ್ನಷ್ಟು ಉರಿಯಿತು.

ಮೂರನೆಯವನು ತೀಯೊ ಪ್ಲಿನಿಯೊ. ಎಪ್ಪತ್ತರ ಮುದುಕ, ಊರಿಗೆಲ್ಲ ಮಾವ, ಹಗ್ಗ ಗಂಟು ನದಿಗಳ ವಿಷಯದಲ್ಲಿ ಅವನನ್ನು ಮೀರಿಸಿದವರಿಲ್ಲ. ಬಾಯಿ ಮಾತ್ರ ಸುಮ್ಮನಿರದು.

ಮೊದಲ ದಿನ ದೊಡ್ಡ ಕಾಡಿನಲ್ಲಿ ನಡೆದರು. ಮೊಣಕಾಲು ಮುಳುಗುವ ಕೆಸರು, ಮುಳ್ಳಿನ ತಾಳೆ, ಎಲೆಯಿಂದ ಎಲೆಗೆ ತೊಟ್ಟಿಕ್ಕುವ ನೀರು. ಸಂಜೆಯ ಹೊತ್ತಿಗೆ ದೊಡ್ಡ ಕಣ ಮುಟ್ಟಿದರು. ಹನ್ನೆರಡು ಗಂಡು ಇರಬೇಕಾದಲ್ಲಿ ಹನ್ನೊಂದು ಗುಟುರು. ಯಂತ್ರ ಕಟ್ಟಿಸಿಕೊಂಡ ಏಳನೇ ನಂಬರಿನ ಹಕ್ಕಿ ಕಣ ಬಿಟ್ಟಿತ್ತು. ಡೋಲಿಡಾ ಆಂಟೆನಾ ತಿರುಗಿಸಿದಳು. ಕೊರಕಲಿನ ಕಡೆಯಿಂದ ಸಣ್ಣಗೆ ಟಿಕ್ ಟಿಕ್ ಬಂತು. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಉಲ್ಪಿಯಾನೊ ಆ ಪೆನ್ಸಿಲನ್ನೇ ನೋಡುತ್ತ ಬಾಳೆಕಾಯಿ ಉಂಡೆಯನ್ನು ಒಣಮೀನಿನೊಂದಿಗೆ ಅಗಿದ.

ಶುಕ್ರವಾರ ಕೊರಕಲಿನ ಬಾಯಿಗೆ ಬಂದರೆ ಮಣ್ಣು ಕುಸಿದು ದಾರಿ ಮುಚ್ಚಿಹೋಗಿತ್ತು. ಹಕ್ಕಿಗೆ ಅದು ದಾರಿಯೇ, ಮನುಷ್ಯರಿಗಲ್ಲ. ಬಯಲಿನ ಮೇಲೇ ಹೋಗಬೇಕಾಯಿತು. ಕಾಡಿನ ಅಂಚು ದಾಟಿದ ಕೂಡಲೇ ಬಿಸಿಲು ತಲೆಯನ್ನು ಕಾಯಿಸತೊಡಗಿತು. ಒಂದು ಮರವಿಲ್ಲ, ಒಂದು ನೆರಳಿಲ್ಲ, ಸೊಂಟದೆತ್ತರದ ಹುಲ್ಲು. ಆಕಾಶದಲ್ಲಿ ಗಿಡುಗವೊಂದು ಸುತ್ತುತ್ತಿತ್ತು. ಗೂಳಿಹಕ್ಕಿ ಯಾಕೆ ಇಲ್ಲಿ ಕಾಲಿಡುವುದಿಲ್ಲ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ನಡುಬಯಲಿನಲ್ಲಿ ಹುಲ್ಲು ಅಲುಗಿತು.

ಬೂದುಬಣ್ಣದ ಭುಜದುಬ್ಬಿನ ಹೋರಿ, ತಲೆ ತಗ್ಗಿಸಿ ನಿಂತಿತ್ತು. ಕಾಲು ಕೆರೆಯಿತು.

"ಓಡಬೇಡಿ" ಎಂದ ಪ್ಲಿನಿಯೊ. ಹಾಗೆಂದವನೇ ಮೊದಲು ಓಡಿದ.

ಮೂವರೂ ಓಡಿದರು. ಹುಲ್ಲು ಕಾಲಿಗೆ ಸುತ್ತಿಕೊಂಡಿತು. ಹಿಂದೆ ನೆಲ ದಡದಡ ನಡುಗಿತು. ಮುಳ್ಳುತಂತಿಯ ಬೇಲಿ ಸಿಕ್ಕಿತು. ಡೋಲಿಡಾ ಕೆಳಗೆ ನುಸುಳಿದಳು, ಪ್ಲಿನಿಯೊ ಮೇಲೆ ಹಾರಿದ, ಉಲ್ಪಿಯಾನೊನ ಅಂಗಿ ತಂತಿಗೆ ಸಿಕ್ಕಿಕೊಂಡಿತು. ಅವಳು ವಾಪಸು ಬಂದು ಅಂಗಿಯನ್ನು ಪರ್‍ರನೆ ಹರಿದು ಅವನನ್ನು ಈಚೆಗೆ ಎಳೆದಳು. ಹೋರಿ ಬೇಲಿಗೆ ಮೂತಿ ತಾಗಿಸಿ ನಿಂತು ಬುಸುಗುಟ್ಟಿತು.

ಪ್ಲಿನಿಯೊ ಏದುಸಿರು ಬಿಡುತ್ತ ಹರಿದ ಅಂಗಿ ನೋಡಿ, ಔರಿಯಾ ಕೇಳಿದರೆ ಕೊಮಾದ್ರೆ ಹರಿದಳು ಎನ್ನಬೇಡ, ಊರಲ್ಲಿ ಬೇರೆಯೇ ಕತೆ ಹುಟ್ಟುತ್ತದೆ ಎಂದ. ಉಲ್ಪಿಯಾನೊ ನಗಲಿಲ್ಲ. ಉಳಿಸಿದ್ದಕ್ಕೂ ಇವಳೇ ಬೇಕಿತ್ತಾ ಎಂದು ಅವನಿಗೆ ಒಳಗೊಳಗೇ ಸಿಟ್ಟು.

ಗುಡ್ಡದ ಬುಡದಲ್ಲಿ ಸಾಪೊ ನದಿ ಮಣ್ಣುಬಣ್ಣಕ್ಕೆ ತಿರುಗಿ ಉಬ್ಬಿತ್ತು. ಮೇಲೆಲ್ಲೋ ಮಳೆಯಾಗಿರಬೇಕು. ಪ್ಲಿನಿಯೊ ದಡದಲ್ಲಿ ಕೂತು ಒಂದು ಗಳಿಗೆ ನೀರನ್ನೇ ನೋಡಿದ. ಒಂದು ಕೋಲು ಎಸೆದು ಅದು ಹೋದ ದಾರಿ ನೋಡಿದ. ಆಮೇಲೆ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಹೊಳೆಗೆ ಎದುರಾಗಿ ಈಜದೆ, ಅದು ಎಳೆದಂತೆ ಓರೆಯಾಗಿ ತೇಲಿ ಆಚೆ ದಡದ ಬೇರು ಹಿಡಿದ. ಮಿಕ್ಕ ಇಬ್ಬರು ಹಗ್ಗ ಹಿಡಿದು ದಾಟಿದರು. ನಡುನೀರಿನಲ್ಲಿ ಉರುಳಿ ಬಂದ ಮರದ ದಿಮ್ಮಿ ಉಲ್ಪಿಯಾನೊನ ಪಕ್ಕೆಗೆ ತಾಗಿ ಹೋಯಿತು. ಡೋಲಿಡಾ ಆಂಟೆನಾವನ್ನು ತಲೆಯ ಮೇಲೆ ಹಿಡಿದು, ಗಲ್ಲದವರೆಗೆ ನೀರಲ್ಲಿ ಮುಳುಗಿ ಬಂದಳು. ಆ ರಾತ್ರಿ ತಾಡಪಾಲಿನ ಕೆಳಗೆ ಮೂವರೂ ಸತ್ತವರಂತೆ ಮಲಗಿದರು.

ಶನಿವಾರ ಬೆಳಕು ಹರಿಯುವಾಗ ಉಲ್ಪಿಯಾನೊ ಎದ್ದು ಕೂತ. ಬಲಗಡೆ, ಬೆಟ್ಟದ ಭುಜದ ಆಚೆ, ಗುಟುರು. ಒಂದಲ್ಲ, ನಾಲ್ಕೈದು. ತಿಗ್ರೆ ಗುಡ್ಡದಲ್ಲಿ ಕಣವಿದೆ ಎಂದು ಇಂದಿನವರೆಗೆ ಯಾರೂ ಕಂಡವರಿಲ್ಲ, ಕೇಳಿದವರಿಲ್ಲ.

ಅಷ್ಟರಲ್ಲಿ ಡೋಲಿಡಾ ಎದ್ದು ಆಂಟೆನಾ ಹಿಡಿದಳು. ಅದು ಎಡಗಡೆ ತೋರಿಸಿತು. ಬಂಡೆಗೋಡೆಗೆ ಬಡಿದು ವಾಪಸು ಬರುವ ಸಿಗ್ನಲ್ ಯಂತ್ರವನ್ನು ಹೀಗೆ ಮೋಸ ಮಾಡುತ್ತದೆ ಎಂದು ಉಲ್ಪಿಯಾನೊಗೆ ಗೊತ್ತಿತ್ತು. ಬಾಯಿ ತೆರೆದ. ಮತ್ತೆ ಮುಚ್ಚಿದ. ನಾನು ಹೇಳುವುದು, ಅವಳು ಬರೆಯುವುದು, ಕೀಟೊದಲ್ಲಿ ಹೆಸರು ಅವಳದ್ದು. ಹೋಗಲಿ, ಅವಳ ಯಂತ್ರವೇ ಹುಡುಕಲಿ. ಪಟ್ಟಿ ಹೋದರೆ ಹೋಗಲಿ ಎಂದು ಆ ಗಳಿಗೆಯಲ್ಲಿ ಅವನು ನಿಜವಾಗಿಯೂ ಅಂದುಕೊಂಡ. ನಾನು ಅವನ ಪಕ್ಷ ವಹಿಸುವುದಿಲ್ಲ. ಆದರೆ ಹಾಗೆ ಒಮ್ಮೆಯೂ ಅಂದುಕೊಳ್ಳದವರು ನಮ್ಮೂರಲ್ಲಿ ನಾಲ್ಕು ಜನ ಸಿಕ್ಕಿಯಾರೇ?

ಎಡಗಡೆಯ ದಾರಿ ಬಂಡೆಯಂಚಿಗೆ ಒಯ್ಯಿತು. ಮಳೆಗೆ ನೆನೆದ ಮಣ್ಣು. ಕೆಳಗೆ ನದಿಯ ಮೊರೆತ. ಮುಂದೆ ಹಳದಿ ಬೂಟು, ಹಿಂದೆ ಉಲ್ಪಿಯಾನೊ, ಅವನ ಹಿಂದೆ ಪ್ಲಿನಿಯೊ.

ಬೂಟಿನ ಕೆಳಗಿನ ನೆಲವೇ ಜಾರಿತು.

ಡೋಲಿಡಾ ಕೂಗಲೂ ಇಲ್ಲ. ಮಣ್ಣಿನೊಂದಿಗೆ ಕೆಳಗಿಳಿದಳು. ಆಂಟೆನಾ ಬಂಡೆಗೆ ಬಡಿದು ಎಗರಿ ನದಿಗೆ ಬಿತ್ತು.

ಉಲ್ಪಿಯಾನೊ ಬೋರಲಾಗಿ ಬಿದ್ದು ಕೈ ಚಾಚಿದ. ಅವಳ ಮಣಿಕಟ್ಟು ಸಿಕ್ಕಿತು. ಒದ್ದೆ. ಜಾರುತ್ತಿತ್ತು. "ಬೇರು ಹಿಡ್ಕೊಳಿ, ಎಡಗೈ, ಎಡಗೈ" ಎಂದ. ಅವಳ ಎಡಗೈಗೆ ಬೇರು ಸಿಕ್ಕಿತು. ಪ್ಲಿನಿಯೊ ಹಗ್ಗ ಮರಕ್ಕೆ ಸುತ್ತಿ ಉಲ್ಪಿಯಾನೊನ ಕಾಲಿಗೆ ಬಿಗಿದ. ಪಕ್ಕೆಯ ನೋವಿಗೆ ಕಣ್ಣು ಕತ್ತಲಿಟ್ಟರೂ ಅವನು ಕೈ ಬಿಡಲಿಲ್ಲ. ಗೇಣು ಗೇಣಾಗಿ ಎಳೆದು ಅವಳನ್ನು ಮೇಲಕ್ಕೆ ತಂದರು.

ಡೋಲಿಡಾಳ ಒಂದು ಬೂಟು ಹೋಗಿತ್ತು. ಕೆಸರಿನ ಪಾದ ಒರೆಸಿಕೊಳ್ಳುತ್ತ ಅವಳೇ ಮೊದಲು ಮಾತಾಡಿದಳು.

"ಕೊಂಪಾದ್ರೆ, ಹಕ್ಕಿ ಕೂಗ್ತಿರೋದು ಬಲಗಡೆ ಅಲ್ವಾ?"

"ನಿಮಗೂ ಕೇಳಿಸ್ತಾ?"

"ನಂಗೆಲ್ಲಿ ಕೇಳಿಸುತ್ತೆ. ಬೆಳಿಗ್ಗೆಯಿಂದ ನಿಮ್ಮ ಕತ್ತು ಬಲಗಡೆಗೇ ತಿರುಗ್ತಾ ಇದೆ. ಮೂರು ವರ್ಷದಿಂದ ನಾನು ತಿರುಗಿ ತಿರುಗಿ ನೋಡ್ಕೊಂಡು ನಡೀತಿರೋದು ನಿಮ್ಮ ಕತ್ತನ್ನೇ. ಯಂತ್ರ ಸುಮ್ನೆ ಕೈಲಿರೋದು."

"ಮತ್ತೆ ಎಡಗಡೆಗೆ ಯಾಕೆ ಬಂದ್ರಿ?"

"ನೀವೇ ಹೇಳ್ತೀರ ಅಂತ ಕಾದೆ."

ತನ್ನ ಕಿವಿಯೊಂದನ್ನಾದರೂ ಯಾರೂ ಕಿತ್ತುಕೊಳ್ಳಲಾರರು ಎಂದು ನೆಮ್ಮದಿಯಲ್ಲಿದ್ದವನಿಗೆ, ಅದನ್ನೂ ಅವಳು ದೂರದಿಂದಲೇ ಬಳಸಿಕೊಳ್ಳುತ್ತಿದ್ದಳು ಎಂದು ಈಗ ತಿಳಿಯಿತು. ಕೋಪ ಬರಬೇಕಿತ್ತು. ಬಂತು ಕೂಡ. ಅದರ ಜೊತೆಗೆ ನಾಚಿಕೆಯೂ ಬಂತು, ಮತ್ತು ಹೇಳಬಾರದು, ಒಂದಿಷ್ಟು ಹೆಮ್ಮೆ. ಅವನು ಎದ್ದು ಬಲಗಡೆಗೆ ನಡೆದ. ಇಬ್ಬರೂ ಹಿಂಬಾಲಿಸಿದರು.

ಬೆಟ್ಟದ ಭುಜ ಏರಿ ಇಳಿದರೆ ಸಣ್ಣ ತಗ್ಗು. ಹಳೆಯ ಮರಗಳು ಎತ್ತರದಲ್ಲಿ ಕೈಕೈ ಹಿಡಿದು ಬಿಸಿಲನ್ನು ತಡೆದಿದ್ದವು. ಮೇಲೆ ಐದು ಕರಿ ಗಂಡುಗಳು, ಒಂದೊಂದು ತನ್ನ ಕೊಂಬೆಯಲ್ಲಿ, ಜೋಲು ಇಳಿಬಿಟ್ಟು ಗುಟುರು ಹಾಕುತ್ತಿದ್ದವು. ಕೆಳಗೆ ನೋಡಿದವರು ಕಾಲಿಡಲು ಹಿಂಜರಿದರು. ನೆಲದ ತುಂಬ ಚಪಿಲ್ ಸಸಿಗಳು. ಗೇಣುದ್ದದವು, ಮೊಣಕಾಲೆತ್ತರದವು, ಆಳೆತ್ತರದವು. ಗುಡ್ಡದಲ್ಲಿ ಬೇರೆಲ್ಲೂ ಕಾಣದ ಹತ್ತಾರು ಬಗೆಯ ಮರಗಳ ಸಸಿಗಳೂ ಅವುಗಳ ನಡುವೆ ಇದ್ದವು. ಯಾರೂ ನೆಟ್ಟಿರಲಿಲ್ಲ, ಯಾರೂ ನೀರು ಹಾಕಿರಲಿಲ್ಲ. ಪ್ಲಿನಿಯೊ ಟೋಪಿ ತೆಗೆದ.

ಮೂವರೂ ಮಂಡಿಯೂರಿ ಎಲೆ ಸರಿಸತೊಡಗಿದರು. ಒಂದು ಗಂಟೆ. ಎರಡು ಗಂಟೆ. ಬೀಜ ನೂರಾರು, ದಾರವಿಲ್ಲ. ಮಧ್ಯಾಹ್ನ ಕಳೆಯಿತು. ಆಗ ಉಲ್ಪಿಯಾನೊನ ಬೆರಳಿಗೆ ಒಂದು ಬೀಜ ತಾಗಿತು. ನಾರಿನಲ್ಲಿ ಕೆಂಪು.

ಅವನು ಮುಷ್ಟಿ ಮುಚ್ಚಿದ. ಸುತ್ತ ನೋಡಿದ. ಡೋಲಿಡಾ ಬರಿಗಾಲಲ್ಲಿ, ಬೆನ್ನು ತಿರುಗಿಸಿ ಹುಡುಕುತ್ತಿದ್ದಳು. ಸಿಕ್ಕಿದ್ದು ನನಗೆ. ಎಸೆದರೂ ಯಾರಿಗೂ ತಿಳಿಯದು. ತಲೆಯ ಮೇಲೆ ಹಕ್ಕಿಯೊಂದು ಪಕ್ಕದ ಹಕ್ಕಿಯನ್ನು ಕೊಂಬೆಯಿಂದ ಓಡಿಸಿತು. ಅವನು ಅದನ್ನೇ ನೋಡಿದ, ತನಗೇ ನಗು ಬಂತು, ಎದ್ದು ಹೋಗಿ ಬೀಜವನ್ನು ಅವಳ ಅಂಗೈಗೆ ಹಾಕಿದ. ಸಂಜೆಯೊಳಗೆ ಇನ್ನೂ ಮೂರು ಸಿಕ್ಕವು. ಎರಡರಲ್ಲಿ ಹಲ್ಲಿನಷ್ಟು ಬಿಳಿ ಮೊಳಕೆ ಒಡೆದಿತ್ತು.

ಭಾನುವಾರ ನಸುಕಿನಲ್ಲೇ ಹೊರಟಾಗ ನದಿ ಇಳಿದಿತ್ತು. ಹೋರಿ ಇಲ್ಲದ ಕಡೆಯಿಂದ ಸುತ್ತು ಹಾಕಿ, ದೊಡ್ಡ ಕಣದ ಬಳಸುದಾರಿ ಬಿಟ್ಟು ನೇರವಾಗಿ ಕಾಡು ದಾಟಿ, ಉಲ್ಪಿಯಾನೊ ಪಕ್ಕೆ ಹಿಡಿದುಕೊಂಡು, ಡೋಲಿಡಾ ಕಾಲಿಗೆ ಬಾಳೆನಾರಿನಲ್ಲಿ ಚಿಂದಿ ಸುತ್ತಿಕೊಂಡು, ಸಂಜೆಯ ಸಭೆಗೆ ಸರಿಯಾಗಿ ಬಂದು ಮುಟ್ಟಿದರು.

ನಾಲ್ಕು ಬೀಜ ಮೇಜಿನ ಮೇಲೆ ಬಂದವು. ಜನ ಮುಗಿಬಿದ್ದು ನೋಡಿದರು. ಸೆಕುಂದಿನೊ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಮೆಲ್ಲಗೆ ಹೇಳಿದ: "ದಾರ ಇದೆ, ಒಪ್ಪಿದೆ. ಆದ್ರೆ ಆ ಗೊನೆ ಈಗ ಮರದಲ್ಲಿಲ್ವಲ್ಲ. ಯಾರೋ ಕಡಿದಿದಾರೆ. ಆ ಹಣ್ಣೇ ತಗೊಂಡ್ಹೋಗಿ ಗುಡ್ಡದಲ್ಲಿ ಉದುರಿಸಿ, ಮತ್ತೆ ಆರಿಸ್ಕೊಂಡು ಬಂದಿಲ್ಲ ಅಂತ ಹೇಗೆ ನಂಬೋದು?"

ಸಭೆ ಗುಸುಗುಸು ಎಂದಿತು. ಎಲ್ಲರೂ ಡೋಲಿಡಾಳ ಕಡೆ ನೋಡಿದರು. ಯಾರು ಕಡಿದದ್ದು, ಎಂದು ಕಡಿದದ್ದು ಎಂದು ಅವಳಿಗೆ ಗೊತ್ತಿತ್ತು. ಅವಳು ನೆಲ ನೋಡುತ್ತ ನಿಂತಳು. ಕೊಂಪಾದ್ರೆಯ ಮೇಲೆ ದೂರು ಹೇಳುವಂತಿಲ್ಲ. ಹೇಳದಿದ್ದರೆ ಪಟ್ಟಿ ಹೋಯಿತು, ಅವಳ ಮಾತೂ ಹೋಯಿತು.

ಉಲ್ಪಿಯಾನೊ ಹಿಂದಿನ ಬೆಂಚಿನಲ್ಲಿದ್ದ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಎಂಟು ತಿಂಗಳಿಂದ ಅವನು ಬಯಸಿದ್ದೂ ಅದನ್ನೇ, ಊರಿನ ಮುಂದೆ ಅವಳು ಹೀಗೆ ಬಾಯಿ ಕಟ್ಟಿ ನಿಲ್ಲುವುದನ್ನು. ಈಗ ಅದು ಕಣ್ಣೆದುರಿಗೇ ಇತ್ತು, ನೋಡಲು ಆಗಲಿಲ್ಲ. ಅವನು ಎದ್ದ.

"ಗೊನೆ ಕಡಿದಿದ್ದು ನಾನು. ನಿನ್ನೆ ಅಲ್ಲ, ಅದರ ಹಿಂದಿನ ಶನಿವಾರ."

"ನಿಮ್ಮಪ್ಪನ ಗುರುತಿದ್ದ ಮರ ಅಲ್ವಾ, ನಿನ್ ಹಕ್ಕು" ಎಂದರು ಯಾರೋ.

"ಹಕ್ಕು ಅಂತ ಕಡೀಲಿಲ್ಲ. ಹೊಟ್ಟೆಕಿಚ್ಚಿಗೆ ಕಡಿದೆ. ಕೊಮಾದ್ರೆ ನನಗಿಂತ ಮುಂದೆ ಹೋದ್ರು, ತಡ್ಕೊಳ್ಳಕ್ಕಾಗ್ಲಿಲ್ಲ. ಹಣ್ಣು ಬಿಸಿನೀರಿಗೆ ಹಾಕಿ, ಕುಟ್ಟಿ, ಹಾಲು ಕುಡಿದ್ವಿ. ದಾರ ಎಲ್ಲ ನಮ್ಮನೇಲಿದೆ, ಎಣಿಸ್ಕೊಳಿ. ಒನಕೆ ತಿಂದ ಬೀಜ ಮೊಳಕೆ ಒಡೆಯುತ್ತಾ? ಎಂಟು ದಿನಕ್ಕೆ ಚಪಿಲ್ ಮೊಳಕೆ ಬಂದಿದ್ದು ನೀವ್ಯಾರಾದ್ರೂ ನೋಡಿದೀರಾ? ಒಂದು ತಿಂಗಳ ಮೇಲಾಗ್ಬೇಕು. ನಾನು ಕಡಿಯೋದಕ್ಕೆ ಮುಂಚೇನೇ ಇವು ಅಲ್ಲಿದ್ವು. ಹಕ್ಕಿ ಹೊತ್ಕೊಂಡು ಹೋಗಿದ್ದು."

ಔರಿಯಾ ಮನೆಗೆ ಓಡಿ ಬೆಂಕಿಪೊಟ್ಟಣ ತಂದಳು. ಮೇಜಿನ ಮೇಲೆ ದಾರ ಸುರಿದು ಎಣಿಸಿದರು. ನೂರ ಎಪ್ಪತ್ತೊಂದು, ಬೀಜದಲ್ಲಿ ನಾಲ್ಕು. ಮಿಕ್ಕ ಇಪ್ಪತ್ತೈದು ಎಲ್ಲಿ ಎಂದು ಸೆಕುಂದಿನೊ ಕೇಳಿದ್ದಕ್ಕೆ ಪ್ಲಿನಿಯೊ, ಸಾಪೊ ನದಿ ಈಜಿಕೊಂಡು ಹೋಗಿ ಹಕ್ಕಿಯನ್ನೇ ಕೇಳು, ದಾರಿಯಲ್ಲಿ ಹೋರಿಯೂ ಇದೆ ಎಂದ. ನಕ್ಕವರಲ್ಲಿ ಸೆಕುಂದಿನೊನ ಕಡೆಯವರೂ ಇದ್ದರು. ಕೈಗಳು ಎದ್ದವು. ಮಾರಬೇಡಿ ಎಂದವರು ಮೂವತ್ತನಾಲ್ಕು, ಮಾರಿ ಎಂದವರು ಇಪ್ಪತ್ತೊಂಬತ್ತು. ಕೊರಕಲಿನ ಪಟ್ಟಿ ಉಳಿಯಿತು. ದೊಡ್ಡ ಗೆಲುವೇನಲ್ಲ, ಐದು ಕೈಗಳ ಗೆಲುವು.

ಹೊರಗೆ ಬಂದಾಗ ಮಕ್ಕಳು ಆಗಲೇ "ಹೊಟ್ಟೆಕಿಚ್ಚಿನ ಉಲ್ಪಿಯಾನೊ" ಎಂದು ಹಿಂದೆ ಬಿದ್ದಿದ್ದರು. ಆ ಹೆಸರು ಅವನಿಗೆ ಸಾಯುವವರೆಗೂ ಅಂಟಿಕೊಂಡೇ ಇರುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಡೋಲಿಡಾ ಅವನ ಬಳಿ ಬಂದಳು.

"ಈಗ ಕಡಿಮೆ ಆಯ್ತಾ, ಕೊಂಪಾದ್ರೆ?"

ಉಲ್ಪಿಯಾನೊಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲ ಕೊಮಾದ್ರೆ. ಇನ್ನೂ ಹಾಗೇ ಇದೆ. ನಾಳೆ ಎಷ್ಟು ಗಂಟೆಗೆ ಹೊರಡೋದು?"